ಮೇಜಿನ ಆಚೆ ಬದಿ

ಕಳೆದ ಮಳೆಗಾಲದಲ್ಲಿ ಒಂದು ಆದಿತ್ಯವಾರ ತಂಗಿಯ ಮಗ ಮನೆಗೆ ಬಂದಿದ್ದ. ಮಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಅವನಿಗೆ ಕೆಲಸ. ಬೆಳಿಗ್ಗೆ ಉಪ್ಪಳದಲ್ಲಿ ರೈಲು ಹತ್ತಿದರೆ ತಿರುಗಿ ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತದೆ. ದಿನವಿಡೀ ದೂರವಾಣಿಯಲ್ಲಿ ಗಿರಾಕಿಗಳ ದೂರು ಕೇಳುವುದು, ಸಮಾಧಾನ ಹೇಳುವುದು, ಕಂಪ್ಯೂಟರಿನಲ್ಲಿ ದಾಖಲಿಸುವುದು, ಮತ್ತೆ ಮುಂದಿನ ದೂರು. ಕಾಪಿ ಕುಡಿಯುತ್ತಾ ಅವನೆಂದ: "ಸಂಬಳ ಉಂಟು ಮಾವ, ಸುಖ ಇಲ್ಲ. ನೀವು ಮೂವತ್ತೊಂದು ವರ್ಷ ಅದೇ ಗುಮಾಸ್ತಿಕೆ ಹೇಗೆ ಮಾಡಿದಿರಿ? ಬೇಸರ ಬರಲಿಲ್ಲವಾ?"

ನಾನು ನಕ್ಕು, "ನಮ್ಮ ಕಾಲವೇ ಬೇರೆ ಮಾರಾಯ" ಎಂದು ಮಾತು ತೇಲಿಸಿಬಿಟ್ಟೆ. ಆದರೆ ಅವನು ಹೋದ ಮೇಲೆ ಆ ಉತ್ತರ ನನಗೇ ಸರಿಯೆನಿಸಲಿಲ್ಲ. ನಮ್ಮ ಕಾಲ ಬೇರೆಯಾಗಿರಲಿಲ್ಲ. ನನಗೂ ಬೇಸರ ಬಂದಿತ್ತು, ಬೇಕಾದಷ್ಟು ಬಂದಿತ್ತು. ಅದು ಹೋದ ಬಗೆಯನ್ನು ಅವನಿಗೆ ಹೇಳದೆ ಇದ್ದದ್ದಕ್ಕೆ ಕಾರಣ, ಆ ಕಥೆಯಲ್ಲಿ ನನ್ನದೊಂದು ತಪ್ಪು ಇರುವುದು. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು 1956ರ ಆರಂಭದಲ್ಲಿ. ಆಗ ನಮ್ಮ ಊರು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಾನು ನಡೆಯಲು ಕಲಿಯುವ ಮೊದಲೇ, ಅದೇ ವರ್ಷದ ನವೆಂಬರ್ 1ರಂದು, ಅದು ಕೇರಳಕ್ಕೆ ಸೇರಿತು. ನಮ್ಮ ತಲೆಮಾರಿನ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಮೂರು ನಾಲಗೆಗಳನ್ನು ಒಟ್ಟಿಗೆ ಬೆಳೆಸಿಕೊಂಡೇ ದೊಡ್ಡವರಾದವರು. ನಾನು ಕನ್ನಡದಲ್ಲಿ ಎಂ.ಎ. ಮಾಡಿದೆ. ಕಾಲೇಜಿನಲ್ಲಿ ಪಾಠ ಹೇಳಬೇಕು, ಹಳಗನ್ನಡ ಕಾವ್ಯಗಳ ಮೇಲೆ ಬರೆಯಬೇಕು ಎಂಬ ಆಸೆಯಿತ್ತು. ಸಿಕ್ಕಿದ್ದು ಪಿ.ಎಸ್.ಸಿ. ಪರೀಕ್ಷೆಯ ಮೂಲಕ ಒಂದು ಸರಕಾರಿ ಕಚೇರಿಯ ಗುಮಾಸ್ತನ ಕೆಲಸ. 1980ರಲ್ಲಿ ಸೇರಿದೆ. ತಂದೆಗೆ ಸಂತೋಷ, ತಾಯಿಗೆ ಸಂತೋಷ; ನನಗೆ ಮಾತ್ರ ಯಾರೋ ಬಾಗಿಲು ಹಾಕಿಕೊಂಡಂತೆ ಆಗಿತ್ತು.

ಮೊದಲ ಏಳು ವರ್ಷ ನಾನು ಕೆಲಸ ಮಾಡಿದೆ ಎನ್ನುವುದಕ್ಕಿಂತ ಕೆಲಸವನ್ನು ಸಹಿಸಿದೆ ಎನ್ನುವುದು ಸರಿ. ಕಡತ ಬರುತ್ತಿತ್ತು, ಟಿಪ್ಪಣಿ ಬರೆಯುತ್ತಿದ್ದೆ, ಕಡತ ಹೋಗುತ್ತಿತ್ತು. ಗಡಿಯಾರದ ಮುಳ್ಳು ಐದರ ಕಡೆಗೆ ಹೋಗುವುದನ್ನು ನೋಡುತ್ತಿದ್ದೆ. ಮನೆಗೆ ಬಂದು ಓದಿದ್ದೇ ನಿಜವಾದ ಬದುಕು, ಕಚೇರಿಯಲ್ಲಿ ಕಳೆದದ್ದು ಅದಕ್ಕೆ ತೆರುವ ಬಾಡಿಗೆ ಎಂದು ನಂಬಿದ್ದೆ. ಅದರ ಜೊತೆಗೆ ಒಂದು ಜಂಬವೂ ಇತ್ತು. ನಾನು ಇದಕ್ಕಿಂತ ದೊಡ್ಡ ಕೆಲಸಕ್ಕೆ ತಕ್ಕವನು, ಗಡಿನಾಡಿನಲ್ಲಿ ಹುಟ್ಟಿದ್ದರಿಂದ ಮಾತ್ರ ಇಲ್ಲಿ ಬಿದ್ದಿದ್ದೇನೆ ಎಂಬ ಜಂಬ. ನಮಗೆ ಆಗಿರುವ ಅನ್ಯಾಯ ನಿಜವೇ. ಆದರೆ ನಿಜವಾದ ಅನ್ಯಾಯವನ್ನೂ ಸೋಮಾರಿತನಕ್ಕೆ ಹೊದಿಕೆ ಮಾಡಿಕೊಳ್ಳಲು ಬರುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

1987ರ ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಒಬ್ಬರು ವೃದ್ಧೆ ನನ್ನ ಮೇಜಿನ ಮುಂದೆ ಬಂದು ನಿಂತರು. ಕರ್ನಾಟಕದ ಗಡಿಗೆ ತಾಗಿದ ಗುಡ್ಡದ ಊರಿನವರು. ಆಗ ಮಂಜೇಶ್ವರ ಬೇರೆ ತಾಲೂಕಾಗಿರಲಿಲ್ಲ. ಎಲ್ಲದಕ್ಕೂ ಕಾಸರಗೋಡಿಗೇ ಬರಬೇಕು. ಎರಡು ಬಸ್ಸು ಬದಲಿಸಿ ಬಂದಿದ್ದರು. ಸೆರಗಿನ ಗಂಟಿನಿಂದ ಮಡಚಿದ ಕಾಗದವೊಂದನ್ನು ಬಿಡಿಸಿ, "ಇದರಲ್ಲಿ ಎಂತ ಬರೆದದ್ದು ಅಂತ ಒಮ್ಮೆ ಓದಿ ಹೇಳ್ತೀರಾ ಅಣ್ಣಾ?" ಎಂದರು.

ತೀರಿಹೋದ ಗಂಡನ ಹೆಸರಿನಲ್ಲಿದ್ದ ಸ್ವಲ್ಪ ಜಾಗವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅವರು ಅರ್ಜಿ ಕೊಟ್ಟಿದ್ದರು. ಇಂಥ ದಿನ ದಾಖಲೆಗಳೊಂದಿಗೆ ಹಾಜರಾಗಬೇಕು, ತಪ್ಪಿದರೆ ಅರ್ಜಿಯನ್ನು ಕೈಬಿಡಲಾಗುವುದು ಎಂದು ಆ ಕಾಗದದಲ್ಲಿತ್ತು. ಮಲಯಾಳದಲ್ಲಿ ಅಚ್ಚಾದ ನಮೂನೆ. ಆ ದಿನ ಕಳೆದು ಮೂರು ವಾರವಾಗಿತ್ತು. ಓದಿ ಹೇಳುತ್ತಿದ್ದ ಪಕ್ಕದ ಮನೆಯ ಹುಡುಗ ಬೊಂಬಾಯಿಗೆ ಹೋಗಿದ್ದನಂತೆ. ಸರಕಾರದ ಕಾಗದ, ಕಳೆದುಹೋಗಬಾರದೆಂದು ಅವರು ಅದನ್ನು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರು.

ಕಾಗದದ ಖಾಲಿ ಜಾಗಗಳಲ್ಲಿ ಹೆಸರನ್ನೂ ದಿನಾಂಕವನ್ನೂ ತುಂಬಿದ ಅಕ್ಷರ ನನ್ನದು. ಕೆಳಗಿನ ಮೂಲೆಯ ಚುಟುಕು ಸಹಿಯೂ ನನ್ನದೇ.

"ನನಗೆ ಓದಲಿಕ್ಕೆ ಬಾರದ್ದು ನನ್ನದೇ ತಪ್ಪು ಅಣ್ಣಾ" ಎಂದರು ಅವರು. ನಾನು ಕಡತ ತೆಗೆಸಿ ನೋಡಿದೆ. ಅವರ ಅರ್ಜಿ ಕನ್ನಡದಲ್ಲಿತ್ತು. ಕೊನೆಯಲ್ಲಿ ಅವರ ಸಹಿ, ಮೂರನೆಯ ಕ್ಲಾಸಿನ ಮಗುವಿನ ಹಾಗೆ ಒಂದೊಂದೇ ಅಕ್ಷರವನ್ನು ದುಂಡಗೆ ಕೂರಿಸಿ ಬರೆದ ಸಹಿ. ಅವರಿಗೆ ಓದಲು ಬರುತ್ತಿತ್ತು. ಬಾರದಿದ್ದದ್ದು ನಾನು ಕಳುಹಿಸಿದ ಕಾಗದವನ್ನು ಓದಲು.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿಸಲಾದ ಕಡೆಗಳಲ್ಲಿ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು. ಅದಕ್ಕೆ ಉತ್ತರವೂ ಕನ್ನಡದಲ್ಲೇ ಹೋಗಬೇಕು. ಈ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಕನ್ನಡದ ಸಭೆಗಳಲ್ಲಿ ಅದರ ಬಗ್ಗೆ ಭಾಷಣ ಮಾಡಿದ್ದೆ. ಕನ್ನಡ ಎಂ.ಎ. ಮಾಡಿದ ಗುಮಾಸ್ತ ಅದೇ ಮೇಜಿನ ಹಿಂದೆ ಕುಳಿತು, ನಮೂನೆ ಮಲಯಾಳದ್ದು ಕೈಗೆ ಸಿಕ್ಕಿತೆಂದು ಅದನ್ನೇ ತುಂಬಿ ಕಳುಹಿಸಿದ್ದ. ಮೇಲಿನವರನ್ನು ದೂರಲು ನನಗೆ ಅವಕಾಶವೇ ಇರಲಿಲ್ಲ.

ಕೈಬಿಟ್ಟ ಕಡತವನ್ನು ಮತ್ತೆ ಎಬ್ಬಿಸಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಅವರು ನಾಲ್ಕು ಸಲ ಎರಡೆರಡು ಬಸ್ಸು ಹತ್ತಿ ಬಂದರು. ಒಂದು ನಿಮಿಷದ ನನ್ನ ಉದಾಸೀನಕ್ಕೆ ಇನ್ನೊಬ್ಬರು ತೆತ್ತ ಬೆಲೆ ಅದು.

ಆಮೇಲಿಂದ ಕನ್ನಡದಲ್ಲಿ ಬಂದ ಪ್ರತಿಯೊಂದು ಅರ್ಜಿಗೂ ಮಲಯಾಳದ ನಮೂನೆಯ ಜೊತೆಗೆ ನಾಲ್ಕು ಸಾಲಿನ ಒಂದು ಕನ್ನಡ ಚೀಟಿ ಸೇರಿಸಿ ಕಳುಹಿಸತೊಡಗಿದೆ. ಯಾವ ದಿನ ಬರಬೇಕು, ಏನು ತರಬೇಕು, ಯಾರನ್ನು ಕಾಣಬೇಕು, ಬಾರದಿದ್ದರೆ ಏನಾಗುತ್ತದೆ. ಮೇಲಧಿಕಾರಿಗಳು ಮೊದಲು, "ನಮೂನೆಯಲ್ಲಿ ಇಲ್ಲದ್ದನ್ನು ಯಾಕೆ ಸೇರಿಸುತ್ತೀರಿ?" ಎಂದರು. ಕಾಯ್ದೆಯನ್ನು ತೋರಿಸಿದೆ, ಸುಮ್ಮನಾದರು. ದಿನಕ್ಕೆ ಅರ್ಧ ಗಂಟೆ ಹೆಚ್ಚು ಕೆಲಸ ಬಿತ್ತು. ಪಕ್ಕದ ಮೇಜಿನ ಸಹೋದ್ಯೋಗಿ ತೃಶೂರಿನ ಕಡೆಯವರು, ಕನ್ನಡದ ಒಂದಕ್ಷರ ಬಾರದವರು. ಅವರು ನನ್ನನ್ನು ತಮಾಷೆಗೆ "ಮಾಷೇ" ಎಂದು ಕರೆಯುತ್ತಿದ್ದರು. ಒಂದು ದಿನ ಅವರೇ, "ಮಾಷೇ, ಆ ಚೀಟಿಯನ್ನು ನನಗೂ ಬರೆದುಕೊಡಿ, ನೋಡಿ ಬರೆಯುತ್ತೇನೆ" ಎಂದರು. ಎರಡು ವರ್ಷದಲ್ಲಿ ಅವರು ಕನ್ನಡ ಓದಲು ಕಲಿತರು. ಅದುವರೆಗೆ ಪೇಟೆಯ ಮಲಯಾಳ ಮಾತ್ರ ಬರುತ್ತಿದ್ದ ನಾನು ಅವರಿಂದ ಒಳ್ಳೆಯ ಮಲಯಾಳ ಗದ್ಯ ಬರೆಯಲು ಕಲಿತೆ.

ಯಾವಾಗ ಎಂದು ಹೇಳಲಾರೆ, ಆ ದಿನಗಳಲ್ಲಿ ನಾನು ಗಡಿಯಾರ ನೋಡುವುದು ನಿಂತಿತ್ತು. ಹುದ್ದೆ ಅದೇ, ಮೇಜು ಅದೇ, ಸಂಬಳವೂ ಅದೇ. ಹೊಸದಾಗಿ ಬಂದದ್ದು ಒಂದೇ: ಕಾಗದ ಬರೆಯುವಾಗ ಅದನ್ನು ಬಿಡಿಸಿ ಓದುವವರ ಮುಖ ಕಣ್ಣಿಗೆ ಬರುತ್ತಿತ್ತು.

ಇದು ನನ್ನೊಬ್ಬನ ಅನುಭವವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಅಮೆರಿಕದ ಇಬ್ಬರು ವಿದ್ವಾಂಸರು, ಆಮಿ ರೆಸ್ನೆವ್ಸ್ಕಿ ಮತ್ತು ಜೇನ್ ಡಟನ್, 2001ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವವರ ಬಗ್ಗೆ ಬರೆದಿದ್ದಾರೆ. ಎಲ್ಲರಿಗೂ ಒಂದೇ ಕೆಲಸ. ಕೆಲವರು, ನಮ್ಮದು ಬರೇ ಕಸ ತೆಗೆಯುವ ಕೆಲಸ, ಹೇಳಿದಷ್ಟು ಮಾಡುತ್ತೇವೆ ಎನ್ನುವವರು. ಇನ್ನು ಕೆಲವರು ತಾವೂ ರೋಗಿಗಳನ್ನು ಗುಣಪಡಿಸುವ ಕೆಲಸದಲ್ಲಿ ಪಾಲುದಾರರೆಂದು ತಿಳಿದವರು. ರೋಗಿಗಳೊಡನೆ ಮಾತಾಡುತ್ತಿದ್ದರು, ನೋಡಲು ಬಂದವರಿಗೆ ದಾರಿ ತೋರಿಸುತ್ತಿದ್ದರು. ಎರಡನೆಯವರಿಗೆ ಕೆಲಸದಲ್ಲಿ ಅರ್ಥ ಕಂಡಿತು. ಸಂಶೋಧಕರು ಇದನ್ನು, ಸಿಕ್ಕಿದ ಕೆಲಸವನ್ನು ತನ್ನ ಕೈಯಿಂದ ತಿದ್ದಿ ರೂಪಿಸಿಕೊಳ್ಳುವುದು ಎಂದು ವಿವರಿಸಿದರು.

ನಮಗೆ ಇದು ತೀರಾ ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂದು ಕರೆದದ್ದರಲ್ಲಿ ಇದರ ಬೀಜವಿದೆ. ಹುಲ್ಲಿನ ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ಕಥೆ ಎಲ್ಲರಿಗೂ ಗೊತ್ತು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿದ್ದರೂ ಅವನು ಹುಲ್ಲಿನ ಹೊರೆ ಹೊತ್ತು ನಡೆದೇಬಿಟ್ಟ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬರಲು ಹೇಳಿದಳು. ಒಂದು ಕಥೆ ಕೆಲಸದ ಘನತೆಯನ್ನು ಹೇಳಿದರೆ ಇನ್ನೊಂದು ಅದರ ಮಿತಿಯನ್ನು ಹೇಳುತ್ತದೆ. ನನ್ನ ಕಥೆಯ ವೃದ್ಧೆ, ಜಾಗ ತಮ್ಮ ಹೆಸರಿಗಾದ ಮೇಲೆ ಒಂದು ಚಿಪ್ಪು ಕದಳಿ ಬಾಳೆಹಣ್ಣು ತಂದಿದ್ದರು. ಬೇಡವೆಂದೆ. "ನಮ್ಮ ತೋಟದ್ದೇ ಅಣ್ಣಾ" ಎಂದು ನೊಂದುಕೊಂಡರು. ತಪ್ಪು ಮಾಡಿದವನು ತಪ್ಪನ್ನು ತಿದ್ದಿದ್ದಕ್ಕೆ ಹಣ್ಣು ತೆಗೆದುಕೊಳ್ಳುವುದು ಹೇಗೆ? ಆ ಹೊತ್ತಿಗೆ ಲಕ್ಕಮ್ಮನ ನೆನಪಾಯಿತು.

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ, ಇದ್ದುದರಲ್ಲಿ ಸಂತೋಷಪಡಿ ಎಂಬ ಹಳೆಯ ಉಪದೇಶವಾದೀತು. ಆ ಉಪದೇಶವನ್ನು ನಾನು ನಂಬುವುದಿಲ್ಲ. ಅದಕ್ಕೆ ಎದುರಾಗಿ ಹೇಳಬೇಕಾದ ಮೂರು ಮಾತುಗಳಿವೆ.

ಮೊದಲನೆಯದು ಅಂಬೇಡ್ಕರರದು. 1936ರಲ್ಲಿ ಪ್ರಕಟವಾದ ಜಾತಿವಿನಾಶದ ಕುರಿತ ತಮ್ಮ ಪ್ರಸಿದ್ಧ ಭಾಷಣದಲ್ಲಿ ಅವರು, ಜಾತಿಯು ಕೆಲಸವನ್ನು ಮಾತ್ರವಲ್ಲ, ಕೆಲಸಗಾರರನ್ನೇ ವಿಂಗಡಿಸಿ ಮೇಲೆ ಕೆಳಗೆ ಇಡುತ್ತದೆ ಎಂದರು. ತಾನು ಆರಿಸದ, ಸಮಾಜ ಹೀನವೆಂದು ಕಾಣುವ ಕೆಲಸಕ್ಕೆ ಹುಟ್ಟಿನಿಂದಲೇ ಕಟ್ಟಿಹಾಕಲ್ಪಟ್ಟವನ ಮನಸ್ಸೂ ಬುದ್ಧಿಯೂ ಆ ಕೆಲಸದಲ್ಲಿ ಇರುವುದಾದರೂ ಹೇಗೆ ಎಂದು ಕೇಳಿದರು. ಈ ಪ್ರಶ್ನೆಗೆ ಕಾಯಕದ ಕಥೆ ಹೇಳಿ ಉತ್ತರ ಕೊಟ್ಟೆವೆಂದುಕೊಂಡರೆ ಅದು ಮೋಸ. ಬಿಟ್ಟುಹೋಗುವ ಬಾಗಿಲು ತೆರೆದಿರುವವನಿಗೆ ಮಾತ್ರ, ಇಲ್ಲೇ ಇದ್ದು ಅರ್ಥ ಹುಡುಕು ಎನ್ನಬಹುದು. ನನಗೆ ಆ ಬಾಗಿಲು ಒಂದಿಷ್ಟಾದರೂ ತೆರೆದಿತ್ತು. ಇಲ್ಲದವನಿಗೆ ಮೊದಲು ಬೇಕಾದದ್ದು ಬಾಗಿಲು, ಉಪದೇಶ ಅಲ್ಲ.

ಎರಡನೆಯದು, ಎಲ್ಲ ಕೆಲಸಗಳೂ ಸಂತೋಷ ಕೊಡುವಂಥವಲ್ಲ. ನಮ್ಮ ಕಡೆಯ ಎಷ್ಟೋ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಎಲೆ ಕತ್ತರಿಸು, ಹೊಗೆಸೊಪ್ಪಿನ ಪುಡಿ ಹಾಕು, ಸುತ್ತು, ನೂಲು ಕಟ್ಟು. ಮತ್ತೆ ಅದೇ, ದಿನಕ್ಕೆ ನೂರಾರು ಸಲ. ಬೆನ್ನು ಬಗ್ಗುವ, ಎದೆಯೊಳಗೆ ಧೂಳು ಸೇರುವ ಈ ಕೆಲಸದಲ್ಲಿ ಆನಂದವಿದೆಯೆಂದು ನೆರಳಲ್ಲಿ ಕುಳಿತ ನಾನು ಹೇಳಬಾರದು. ಆದರೆ ಕಣ್ಣೂರು-ಕಾಸರಗೋಡು ಕಡೆಯ ಬೀಡಿ ಕಾರ್ಮಿಕರು ಒಂದು ದಾರಿ ಕಂಡುಕೊಂಡಿದ್ದರು. ಎಲ್ಲರೂ ಬೀಡಿ ಸುತ್ತುತ್ತಿರುವಾಗ ಒಬ್ಬ ಗಟ್ಟಿಯಾಗಿ ಪತ್ರಿಕೆಯನ್ನೋ ಕಾದಂಬರಿಯನ್ನೋ ಓದುತ್ತಿದ್ದ. ಓದಿದವನಿಗೆ ಆ ಹೊತ್ತಿನ ಕೂಲಿ ನಷ್ಟವಾಗದಂತೆ ಉಳಿದವರು ಅವನ ಪಾಲಿನ ಬೀಡಿಯನ್ನೂ ಕಟ್ಟುತ್ತಿದ್ದರು. ಶಾಲೆಗೆ ಹೆಚ್ಚು ಹೋಗದವರು ಹೀಗೆ ಕೇಳಿ ಕೇಳಿಯೇ ಲೋಕವನ್ನೂ ರಾಜಕೀಯವನ್ನೂ ಅರಿತರು. ಕೂಲಿಗಾಗಿ ಹೋರಾಡಿದವರೂ ಅವರೇ, 1969ರಲ್ಲಿ ದಿನೇಶ್ ಬೀಡಿ ಎಂಬ ಸಹಕಾರ ಸಂಘವನ್ನು ಕಟ್ಟಿ ನಿಲ್ಲಿಸಿದವರೂ ಅಂಥವರೇ. ಕೆಲಸವು ಅರ್ಥ ಕೊಡದಿದ್ದಾಗ ಕೆಲಸದ ಜೊತೆಗಿರುವವರು ಅರ್ಥವನ್ನು ಒಟ್ಟಾಗಿ ತಂದುಕೊಳ್ಳಬಹುದು. ಮತ್ತು ಅದು ಹಕ್ಕು ಕೇಳುವುದಕ್ಕೆ ಅಡ್ಡಿಯಾಗಬೇಕಾಗಿಲ್ಲ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಕೆಲಸವನ್ನು ಪ್ರೀತಿಯಿಂದ, ಅಚ್ಚುಕಟ್ಟಾಗಿ ಮಾಡಿದರೆ ಸಾಕೆ? ನಮ್ಮ ಜಿಲ್ಲೆಯ ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ 2000ದ ವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರಿನ ಹೂವಿಗೆ ಬೀಳುವ ಕೀಟವನ್ನು ಕೊಲ್ಲುವುದು ಉದ್ದೇಶ. ವಿಷ ಬಾವಿ ತೋಡುಗಳಿಗೂ ಅಂಗಳಗಳಿಗೂ ಬಿತ್ತು. ಔಷಧ ಕಲಸಿದವರು, ಯಂತ್ರ ನಡೆಸಿದವರು, ಬಿಲ್ಲು ಬರೆದ ಗುಮಾಸ್ತರು, ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಮಾಡಿದವರೇ. ಅವರಲ್ಲಿ ಕೆಲವರು ಮನಸ್ಸಿಟ್ಟೇ ಮಾಡಿರಬಹುದು. ಅವರಲ್ಲೊಬ್ಬನಾಗಿದ್ದರೆ ನಾನು ಬೇರೆ ಏನಾದರೂ ಮಾಡುತ್ತಿದ್ದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಆದರೆ ಅದೇ ಊರುಗಳಲ್ಲಿ ಬೇರೆ ಕೆಲಸಗಾರರೂ ಇದ್ದರು. ಎಣ್ಮಕಜೆ ಪಂಚಾಯತಿನ ಪಡ್ರೆಯ ಕಡೆ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ಅವರಿಗೆ, ಒಂದೇ ಸುತ್ತಿನಲ್ಲಿ ಇಷ್ಟೊಂದು ಬಗೆಯ ಕಾಯಿಲೆಗಳು ಯಾಕೆ ಎಂಬ ಪ್ರಶ್ನೆ ಹುಟ್ಟಿತು. ಅದನ್ನು ಅವರು ಲೋಕದ ಮುಂದಿಟ್ಟರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ನಿಲ್ಲಿಸಿತು. ಒಬ್ಬರು ಮದ್ದು ಬರೆದುಕೊಟ್ಟು ಮುಂದಿನ ರೋಗಿಯನ್ನು ಕರೆಯಬಹುದಾಗಿತ್ತು. ಇನ್ನೊಬ್ಬರು ಇಲಾಖೆಯ ಕೆಲಸ ಮಾಡಿಕೊಂಡು ಸುಮ್ಮನಿರಬಹುದಾಗಿತ್ತು. ಇಬ್ಬರೂ ತಮ್ಮ ಕೆಲಸದಿಂದ ತಲೆಯೆತ್ತಿ ಎದುರಿದ್ದವರನ್ನು ನೋಡಿದರು.

ಈಗ ನನ್ನ ಮಾತಿನ ಎರಡು ತುದಿಗಳು ಕೂಡುತ್ತವೆ. ಕೆಲಸಕ್ಕೆ ಅರ್ಥ ಬರುವುದು ಕೆಲಸವನ್ನು ಇಷ್ಟಪಡುವುದರಿಂದಲ್ಲ, ಅದು ಯಾರಿಗೆ ತಲುಪುತ್ತದೋ ಅವರನ್ನು ಕಾಣುವುದರಿಂದ. ಹಾಗೆ ಕಂಡಾಗ ಹೆಚ್ಚಿನ ಕೆಲಸಗಳನ್ನು ನಾವು ಇನ್ನಷ್ಟು ಮನಸ್ಸಿಟ್ಟು ಮಾಡುತ್ತೇವೆ. ಸಂತೋಷವು ಕರೆಯದೆಯೇ ಬರುತ್ತದೆ. ಕೆಲವು ಕೆಲಸಗಳನ್ನು ಮಾತ್ರ, ಹಾಗೆ ಕಂಡದ್ದರಿಂದಲೇ, ಇನ್ನು ಮಾಡಲಾರೆ ಎನ್ನಬೇಕಾಗುತ್ತದೆ. ಕಣ್ಣು ಮುಚ್ಚಿಕೊಂಡು ಪಡೆಯುವ ನೆಮ್ಮದಿಯೂ ಒಂದಿದೆ. ಅದು ನನ್ನ ಮೊದಲ ಏಳು ವರ್ಷಗಳ ಬೇಸರಕ್ಕಿಂತ ಒಳ್ಳೆಯದೇನಲ್ಲ.

ನಮ್ಮಂಥ ಅಲ್ಪಸಂಖ್ಯಾತರಿಗೆ ಇದರಲ್ಲಿ ಇನ್ನೂ ಒಂದು ಮಾತಿದೆ. ನ್ಯಾಯ ಸಿಗುವವರೆಗೆ ಕೆಲಸದಲ್ಲಿ ಏನು ಸಂತೋಷ ಎನ್ನುವವರು ನಮ್ಮಲ್ಲಿದ್ದಾರೆ. ಸಂತೋಷವಾಗಿದ್ದರೆ ಹೋರಾಟ ಸಡಿಲವಾದೀತೆಂದು ಅವರ ಭಯ. ಕಯ್ಯಾರ ಕಿಞ್ಞಣ್ಣ ರೈಗಳನ್ನು ನೋಡಿ. 1915ರಲ್ಲಿ ಹುಟ್ಟಿ 2015ರಲ್ಲಿ ನೂರು ತುಂಬಿಸಿ ತೀರಿಕೊಂಡ ಅವರು ಮಾಸ್ತರರಾಗಿದ್ದರು, ಬೇಸಾಯಗಾರರಾಗಿದ್ದರು, ಕವಿಯಾಗಿದ್ದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಆಸೆಯನ್ನು ಕೊನೆಯವರೆಗೂ ಬಿಡಲಿಲ್ಲ. ಆ ಆಸೆ ಈಡೇರಲೂ ಇಲ್ಲ. ಆದರೂ ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ದುಡಿತವೇ ನನ್ನ ದೇವರು' ಎಂದು. ಆಗದೆ ಉಳಿದದ್ದರ ಹೆಸರನ್ನು ಅವರು ಬದುಕಿಗೆ ಇಡಲಿಲ್ಲ. ಹಕ್ಕಿಗಾಗಿ ಕೂಗಿದ ಬಾಯಿಯೇ ಮರುದಿನ ಬೆಳಿಗ್ಗೆ ತರಗತಿಯಲ್ಲಿ ಮಕ್ಕಳಿಗೆ ಪಾಠ ಹೇಳಿತು. 1969ರ ಕಾಯ್ದೆ ನಮಗೆ ಕೊಟ್ಟ ಹಕ್ಕು ಕೂಡ, ಒಬ್ಬ ಗುಮಾಸ್ತ ಚೀಟಿ ಬರೆಯುವವರೆಗೆ ಆ ವೃದ್ಧೆಯ ಮನೆಗೆ ತಲುಪಿರಲಿಲ್ಲವಲ್ಲ.

ಈ ಲೇಖನ ಬರೆಯುವ ಮೊದಲು ತಂಗಿಯ ಮಗನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ. ಆಮೇಲೆ, "ನಿಮಗೆ ಮೇಜಿನ ಮುಂದೆ ಮನುಷ್ಯರು ಬಂದು ನಿಲ್ಲುತ್ತಿದ್ದರು ಮಾವ. ನನಗೆ ಒಂದು ಕರೆಗೆ ಇಷ್ಟೇ ನಿಮಿಷ ಅಂತ ಲೆಕ್ಕ. ದಾಟಿದರೆ ಕಂಪ್ಯೂಟರಿನಲ್ಲಿ ಕೆಂಪು ಗುರುತು ಬೀಳ್ತದೆ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಗುಮಾಸ್ತನ ಮೇಜಿನಲ್ಲಿ ಅರ್ಧ ಗಂಟೆಯಷ್ಟು ಸ್ವಾತಂತ್ರ್ಯವಾದರೂ ಇತ್ತು. ಅಷ್ಟೂ ಇಲ್ಲದ ಕೆಲಸವನ್ನು ಕಟ್ಟಿದವರು ಅದರ ಬೇಸರಕ್ಕೂ ಹೊಣೆಗಾರರು. ಬೇರೆ ಕೆಲಸ ನೋಡು ಎಂದೆ. ನೋಡುತ್ತಿದ್ದೇನೆ ಎಂದ.

ಹದಿನೈದು ದಿನ ಕಳೆದು ಅವನೇ ಫೋನು ಮಾಡಿದ. ಗಡಿಯ ಕಡೆಯಿಂದ ಕರೆ ಮಾಡಿದ ಒಬ್ಬರು ಅಜ್ಜ ಹಿಂದಿಯಲ್ಲಿ ತಡವರಿಸುತ್ತಿದ್ದರಂತೆ. ಇವನು ತುಳುವಿನಲ್ಲಿ, "ಎಂತ ಆಯಿತು ಹೇಳಿ ಅಜ್ಜಾ" ಎಂದನಂತೆ. ಆ ಕಡೆ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಮಾತು ನಿಲ್ಲಲೇ ಇಲ್ಲ.

"ಕೆಂಪು ಗುರುತು ಬಿತ್ತಾ?" ಎಂದು ಕೇಳಿದೆ.

"ಬಿತ್ತು ಮಾವ" ಎಂದು ನಕ್ಕ.